ಕೈ ನೋಡ್ತಾರಂತೆ

ನನ್ನ ಎರಡೂ ಅಂಗೈಯಲ್ಲಿ ಬೆರಳುಗಳ ಬುಡಕ್ಕೆ ಸಾಲಾಗಿ ಜಡ್ಡುಗಟ್ಟಿದೆ. ಏಳನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟ ವರ್ಷ ಕಟ್ಟಿದ ಜಡ್ಡು, ಆಮೇಲೆ ಹೋಗಲೇ ಇಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮೆಷಿನ್ ನನ್ನ ಬೆರಳನ್ನು ಹಿಡಿಯುವುದಿಲ್ಲ. ನಾಲ್ಕು ಸಲ ಒರೆಸಿ ಒತ್ತಿಸಿ, 'ಏನ್ ಯಜಮಾನ್ರೇ, ಬೆರಳಲ್ಲಿ ಗೆರೇನೇ ಇಲ್ವಲ್ಲ' ಅಂತ ಅಂಗಡಿಯವನು ಗೊಣಗಿದರೆ ಹಿಂದೆ ನಿಂತವರಿಗೆ ಬೇಸರ, ನನಗೆ ಒಳಗೊಳಗೇ ಖುಷಿ. ಗೆರೆ ಸವೆಯುವಷ್ಟು ದುಡಿದಿದ್ದೇನೆ ಅನ್ನುವುದಕ್ಕೆ ಸರ್ಕಾರದ ಮೆಷಿನ್ನೇ ಸಾಕ್ಷಿ ಅಂದುಕೊಳ್ಳುತ್ತಿದ್ದೆ. ಈ ಖುಷಿಯಿಂದಲೇ ಎಲ್ಲ ಕೆಟ್ಟದ್ದು. ಅದಕ್ಕೇ ಅದನ್ನು ಮೊದಲು ಹೇಳಿದೆ.

ಯಳಂದೂರು ತಾಲ್ಲೂಕಿನ ಅಗರದ ಹತ್ತಿರ ನಮ್ಮೂರು. ಅಪ್ಪ ಬಿಟ್ಟುಹೋದ ಒಂದು ಎಕರೆಯನ್ನು ಮೂರು ಮಾಡಿದ್ದೇನೆ. ತೆಂಗು, ಕಬ್ಬು, ಒಂದಿಷ್ಟು ಅರಿಶಿನ. ಯಾರ ಮುಂದೆಯೂ ಕೈ ಚಾಚಿದವನಲ್ಲ. ಮಕ್ಕಳು ಅಂತ ಇರುವುದು ಒಬ್ಬಳೇ ಮಗಳು. ಅವಳು ಹುಟ್ಟಿದಾಗಲೇ ಇವಳ ಕೈಗೆ ಮಣ್ಣು ತಾಕಿಸಬಾರದು ಅಂತ ತೀರ್ಮಾನ ಮಾಡಿದ್ದೆ. ಕಳೆ ಕೀಳುವ ಕಾಲದಲ್ಲಿ ಊರಿನ ಬೇರೆ ಹೆಣ್ಣುಮಕ್ಕಳು ಸ್ಕೂಲಿಗೆ ಚಕ್ಕರ್ ಹೊಡೆದು ಗದ್ದೆಗಿಳಿಯುತ್ತಿದ್ದರೆ ಇವಳು ಮನೆಯ ಜಗಲಿಯ ಮೇಲೆ ಪುಸ್ತಕ ಹಿಡಿದು ಕೂರಬೇಕು. ಹೊಲಕ್ಕೆ ಬುತ್ತಿ ತಂದರೂ ಬದುವಿನ ಮೇಲಿಟ್ಟು ಹಿಂದಕ್ಕೆ ಹೋಗಬೇಕು.

ನನ್ನ ಹೆಂಡತಿಗೆ ಇದು ಸರಿಬರುತ್ತಿರಲಿಲ್ಲ. "ಉದ್ದಿಗೂ ಹೆಸರಿಗೂ ಯತ್ವಾಸ ಗೊತ್ತಿಲ್ಲ ಈ ಕೂಸ್ಗ. ನಾಳ ಅತ್ತ ಮನೇಲಿ ಉಗೀತಾರ" ಅನ್ನುತ್ತಿದ್ದಳು.

"ಉಗಿಯೋ ಮನಗ ಯಾಕಮ್ಮಿ ಕೊಡನ" ಅಂತ ನಾನು ಬಾಯಿ ಮುಚ್ಚಿಸುತ್ತಿದ್ದೆ.

ಹತ್ತನೇ ಕ್ಲಾಸು ಮುಗಿದಾಗ ಕೊಳ್ಳೇಗಾಲದ ಕಾಲೇಜಿಗೆ ಕರೆದುಕೊಂಡು ಹೋದೆ. ಅಲ್ಲಿ ಬಯಾಲಜಿ ಪಾಠ ಮಾಡುವ ಮೇಷ್ಟ್ರು ಒಬ್ಬರು ಫಾರಂ ಮುಂದಿಟ್ಟುಕೊಂಡು ಕೂತಿದ್ದರು. ಸೈನ್ಸ್ ಅಂದರೆ ಯಾವ ಸೈನ್ಸು, ಲೆಕ್ಕದ ಜೊತೆ ಕಂಪ್ಯೂಟರೋ ಬಯಾಲಜಿಯೋ ಅಂತ ಕೇಳಿದರು. ನನಗೆ ಒಂದೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕೆ ನಾಲಿಗೆ ಬರಲಿಲ್ಲ.

"ಇದ್ರಲ್ಲಿ ಯಾವ್ದು ಸಾ ಜಾಸ್ತಿ ಕಷ್ಟ?" ಅಂದೆ.

"ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು, ಬಯಾಲಜಿ. ನಾಲ್ಕೂ ಒಟ್ಟಿಗೆ ಓದೋದು ಕಷ್ಟವೇ."

"ಅಂಗಾದ್ರ ಅದ್ನೇ ಕೊಡಿ ಸಾ. ನನ್ ಮಗಳು ಎತ್ಕತಾಳ."

ಮೇಷ್ಟ್ರು ನಕ್ಕರು. ಮಗಳು ನಗಲಿಲ್ಲ. ಆದರೆ ಎತ್ತಿಕೊಂಡಳು. ಎರಡು ವರ್ಷ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದಳು. ಬಸ್ಸಿನಲ್ಲಿ ಸೀಟು ಸಿಕ್ಕರೆ ಅಲ್ಲೇ ಓದು, ಸಿಗದಿದ್ದರೆ ಕಂಬಿ ಹಿಡಿದುಕೊಂಡು ಬಾಯಿಪಾಠ.

ಎರಡನೇ ಪಿಯುಸಿಗೆ ಬಂದಾಗ ಇನ್ನೊಂದು ಆಯ್ಕೆ ಎದುರು ನಿಂತಿತು. ಕಾಲೇಜಿನ ಪರೀಕ್ಷೆ ಒಂದು ಕಡೆ, ಅದಾದ ಮೇಲೆ ಸಿಇಟಿ, ನೀಟು ಅಂತ ಬೇರೆ ಬೇರೆ. ನನಗೆ ಡಾಕ್ಟ್ರು ಅನ್ನುವ ಒಂದೇ ಪದ ಗೊತ್ತಿತ್ತು. ಅವಳು ಹಳೇ ಪ್ರಶ್ನೆಪತ್ರಿಕೆಗಳನ್ನು ತಂದು, ಗೋಡೆ ಗಡಿಯಾರವನ್ನು ಇಳಿಸಿ ಎದುರಿಗಿಟ್ಟುಕೊಂಡು, ತಾನೇ ಬರೆದು ತಾನೇ ತಿದ್ದಿ ನೋಡಿಕೊಂಡಳು. ಒಂದು ಭಾನುವಾರ ನಾನು ಉಣ್ಣುತ್ತಿದ್ದಾಗ ಎದುರಿಗೆ ಬಂದು ಕೂತಳು.

"ಅಪ್ಪ, ನೀಟು ಬ್ಯಾಡ. ನನ್ನಿಂದ ಅಷ್ಟು ಆಗಲ್ಲ. ನಾ ತಿದ್ದಿ ನೋಡಿದ್ದೀನಿ. ಸಿಇಟಿ ಬರೆದು ಅಗ್ರಿ ಬಿಎಸ್ಸಿ ಮಾಡ್ತೀನಿ."

"ಅಗ್ರಿ ಅಂದ್ರ?"

"ಬೇಸಾಯದ ಓದು."

ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದೆ. "ಅಲ್ಲ ಕೂಸೇ, ಮಣ್ಣಿಂದ ದೂರ ಇಡಕ ಅಂತ ಓದ್ಸುದ್ರ ಮತ್ತ ಮಣ್ಗೇ ಬತ್ತೀನಿ ಅಂದೀಯಲ್ಲ?"

"ಮಣ್ಗಲ್ಲ ಕಣಪ್ಪ, ಆಫೀಸ್ಗ. ನೀನು ಗೊಬ್ಬರದ ಚೀಟಿ ಹಿಡ್ಕಂಡು ನಿಂತ್ಕತಿಯಲ್ಲ, ಆ ಮೇಜಿನ ಆ ಕಡೆ ಕೂತ್ಕತೀನಿ."

ಹೆಂಡತಿ ಒಲೆ ಮುಂದೆ ಕೂತೇ ನಕ್ಕಳು. "ಕೂತ್ಕಂಡು ಮೊದಲು ನಿಮ್ಮಪ್ಪನ್ನೇ ನಾಳ ಬಾ ಅಂತ ಕಳ್ಸು" ಅಂದಳು. ನಾನೂ ನಕ್ಕೆ. ನಮ್ಮ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕಿದ್ದು ನೆನಪಿರುವುದು ಅದೇ ಕಡೆಯದು.

ಆ ಓದಿಗೆ ರೈತರ ಮಕ್ಕಳಿಗೆ ಅಂತ ಒಂದು ಕೋಟಾ ಇದೆ. ಅದರಲ್ಲಿ ಸೀಟು ಬೇಕಾದರೆ ಸಿಇಟಿಯ ಜೊತೆಗೆ ಒಂದು ಪ್ರಾಕ್ಟಿಕಲ್ಲೂ ಮಾಡಬೇಕು. ಬೀಜ, ಗೊಬ್ಬರ, ಬೇಸಾಯದ ಸಾಮಾನು ಇವುಗಳ ಗುರುತು ಹೇಳಬೇಕು. ತಾಲ್ಲೂಕು ಆಫೀಸಿನಲ್ಲಿ ಸರ್ಟಿಫಿಕೇಟ್ ತಂದೆ. ಪಟ್ಟಣದ ಮಕ್ಕಳಿಗೆ ಇಲ್ಲದ ದಾರಿ ನನ್ನ ಮಗಳಿಗೆ ಇದೆ, ಅದೂ ನಾನು ರೈತ ಆಗಿರುವುದರಿಂದ. ನನ್ನ ಎದೆ ಎಷ್ಟು ಉಬ್ಬಿತ್ತು ಅಂತ ಈಗ ಬರೆಯುವುದಕ್ಕೆ ನಾಚಿಕೆ.

ಸಂಕ್ರಾಂತಿಗೆ ಹನೂರು ಕಡೆಯಿಂದ, ರಾಮಾಪುರದ ನನ್ನ ಭಾವಮೈದ ಬಂದ. ಹೆಂಡತಿಯ ತಮ್ಮ. ಎಳ್ಳುಬೆಲ್ಲ ಮೆಲ್ಲುತ್ತಾ ಜಗಲಿಯ ಮೇಲೆ ಕೂತು ಮಗಳ ವಿಚಾರ ಕೇಳಿದ. ಪ್ರಾಕ್ಟಿಕಲ್ ಅಂದ ತಕ್ಷಣ ಕಾಲು ಮಡಿಸಿಕೊಂಡು ಹತ್ತಿರ ಸರಿದ.

"ಭಾವ, ಅಲ್ಲಿ ಕೈ ನೋಡ್ತಾರಂತ."

"ಯಾರ ಕೈ?"

"ಐಕಳ ಕೈ ಕಣಿ. ನಮ್ಮೂರ ಹತ್ರ ಒಬ್ಬಂದು ಹಿಂಗೇ ಆಯ್ತಂತ. ಬೀಜಗೀಜ ಎಲ್ಲ ಸರ್ಯಾಗೇ ಹೇಳ್ದನಂತ. ಕಡೇಲಿ ಅಂಗೈ ಮುಟ್ಟಿ ನೋಡಿ, ಇದು ರೈತನ ಮಗನ ಕೈ ಅಲ್ಲ ಓಗಪ್ಪ ಅಂತ ಎಬ್ಬಿಸಿ ಕಳ್ಸುದ್ರಂತ."

ಆ 'ಒಬ್ಬ' ಯಾರು, ಯಾವ ವರ್ಷ, ನೀನು ಕಂಡೆಯಾ ಅಂತ ನಾನು ಕೇಳಲಿಲ್ಲ. ಸಂತೆಯಲ್ಲಿ ಎಮ್ಮೆ ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವವನು ನಾನು. ಇದನ್ನು ಕೇಳಿದ ಕೂಡಲೇ ನಂಬಿದೆ, ಯಾಕೆಂದರೆ ಮಾತು ನನಗೆ ಹಿಡಿಸಿತ್ತು. ಪಟ್ಟಣದಲ್ಲಿ ಕೂತು ಸುಳ್ಳು ಸರ್ಟಿಫಿಕೇಟ್ ಮಾಡಿಸುವವರನ್ನು ಹಿಡಿಯಲು ಇದಕ್ಕಿಂತ ಒಳ್ಳೇ ದಾರಿ ಯಾವುದು? ನಾನು ಓದದೆ ಬಿಟ್ಟ ಓದಿನ ಮನೆಯಲ್ಲೂ ಕಡೆಗೆ ಕೈಗೆ ಬೆಲೆ ಇದೆಯಲ್ಲ ಅನ್ನಿಸಿತು.

ಮಗಳು ಒಳಗಿಂದ, "ಸರ್‌ನ ಕೇಳ್ತೀನಿ ತಡಿ" ಅಂದಳು.

"ಪ್ಯಾಂಟ್ ಹಾಕ್ಕಂಡಿರೋರ್ಗ ಇವೆಲ್ಲ ಏನ್ ಗೊತ್ತಿದ್ದದು. ಕೇಳ್ಬ್ಯಾಡ" ಅಂದೆ. ಅವಳು ಮೇಷ್ಟ್ರನ್ನು ಕೇಳಲಿಲ್ಲ. ನನ್ನ ಮಾತು ಮೀರಿ ಗೊತ್ತಿರಲಿಲ್ಲ ಅವಳಿಗೆ.

ಪಿಯುಸಿ ಪರೀಕ್ಷೆ ಮುಗಿದಾಗ ಸಿಇಟಿಗೆ ಒಂದು ತಿಂಗಳಿಗೆ ಸ್ವಲ್ಪ ಕಮ್ಮಿ ಇತ್ತು. ಪ್ರಾಕ್ಟಿಕಲ್ಲು ಅದಾದ ಮೇಲೆ. ಆದರೆ ಜಡ್ಡು ಅನ್ನುವುದು ನಾಲ್ಕು ದಿನದಲ್ಲಿ ಕಟ್ಟುವಂಥದ್ದಲ್ಲ. ಮೊದಲು ಬೊಬ್ಬೆ ಏಳಬೇಕು, ಒಡೆಯಬೇಕು, ಒಣಗಬೇಕು, ಅದರ ಮೇಲೆ ಮತ್ತೆ ಕೆಲಸ ಬೀಳಬೇಕು. ನನ್ನ ಕೈಯ ಲೆಕ್ಕ ನನಗೆ ಗೊತ್ತು. ಹಾಗಾಗಿ ಕಾದು ಕೂರಲಿಲ್ಲ. ಪರೀಕ್ಷೆ ಮುಗಿದ ಮಾರನೇ ಬೆಳಿಗ್ಗೆಯೇ ಅವಳ ಕೈಗೆ ಗುದ್ದಲಿ ಕೊಟ್ಟು ತೆಂಗಿನ ತೋಟಕ್ಕೆ ಕರೆದುಕೊಂಡು ಹೋದೆ. ಮರದ ಬುಡದ ಸುತ್ತ ಪಾತಿ ಮಾಡಬೇಕು, ಪಾತಿಗೆ ಕೊಟ್ಟಿಗೆ ಗೊಬ್ಬರ ತುಂಬಿ ಮಣ್ಣು ಮುಚ್ಚಬೇಕು. ಬಿಸಿಲೇರುವವರೆಗೆ ಕೆಲಸ, ಆಮೇಲೆ ಓದು ಅಂತ ನಿಯಮ ಮಾಡಿದೆ.

ಮೊದಲ ದಿನ ಅವಳಿಗೂ ಆಟದ ಹಾಗಿತ್ತು. "ಅಪ್ಪ, ಇದು ಫಿಸಿಕ್ಸು. ಗುದ್ದಲಿ ಕಾವು ಉದ್ದ ಇದ್ದಷ್ಟೂ ಬಲ ಕಮ್ಮಿ ಸಾಕು" ಅಂದಳು. ಎರಡನೇ ದಿನ ಬೊಬ್ಬೆ ಎದ್ದವು. ಮೂರನೇ ದಿನ ಒಡೆದವು. ನಾನು ಹರಳೆಣ್ಣೆಗೆ ಅರಿಶಿನ ಕಲಸಿ ಹಚ್ಚಿದೆ, ಹದಿಮೂರನೇ ವಯಸ್ಸಿನಲ್ಲಿ ನಮ್ಮಪ್ಪ ನನಗೆ ಹಚ್ಚಿದ ಹಾಗೆ. ನಾಲ್ಕನೇ ದಿನ ಅವಳು ಬಾಗಿಲಲ್ಲೇ ನಿಂತಳು.

"ಇವತ್ತು ಬ್ಯಾಡಪ್ಪ. ಉರೀತದ."

"ಈಗ ಬುಟ್ರ ಮತ್ತ ಮೊದಲಿಂದ. ಒಡದ್ ಮ್ಯಾಲೇ ಅದು ಗಟ್ಟಿ ಆಗದು."

"ಪೆನ್ ಹಿಡಿಯಕ್ಕೆ ಆಗ್ತಿಲ್ಲ ಕಣಪ್ಪ. ಬರೆಯದು ಹೆಂಗೆ?"

ಅವಳು ಕೊಳ್ಳೇಗಾಲದ ಜೆರಾಕ್ಸ್ ಅಂಗಡಿಯಿಂದ ಉತ್ತರದ ಹಾಳೆಗಳನ್ನು ಕಟ್ಟುಗಟ್ಟಲೆ ತಂದಿಟ್ಟುಕೊಂಡಿದ್ದಳು. ಪೂರ್ತಿ ಹಾಳೆ ಸಣ್ಣ ಸಣ್ಣ ಖಾಲಿ ಸೊನ್ನೆಗಳು. ಸರಿಯಾದ ಉತ್ತರದ ಸೊನ್ನೆಯನ್ನು ಪೆನ್ನಿನಿಂದ ತುಂಬಬೇಕು. ಒಂದೊಂದು ಪ್ರಶ್ನೆಗೆ ಒಂದು ನಿಮಿಷದ ಮೇಲೆ ಸ್ವಲ್ಪ ಸಿಗುತ್ತದೆ, ಅದರಲ್ಲೇ ಲೆಕ್ಕ, ಅದರಲ್ಲೇ ತುಂಬುವುದು. ಕೈ ಎಷ್ಟು ಬೇಗ ಓಡುತ್ತದೋ ಅಷ್ಟು ಯೋಚನೆಗೆ ಹೊತ್ತು ಮಿಗುತ್ತದೆ ಅಂತ ಅವಳು ದಿನಾ ಅಭ್ಯಾಸ ಮಾಡುತ್ತಿದ್ದಳು. ನನ್ನ ಕಣ್ಣಿಗೆ ಅದು ಓದಿನ ಹಾಗೆ ಕಾಣುತ್ತಿರಲಿಲ್ಲ, ರಂಗೋಲಿಗೆ ಬಣ್ಣ ತುಂಬಿದ ಹಾಗೆ ಕಾಣುತ್ತಿತ್ತು.

"ಬರೆಯದೇನದ ಕೂಸೇ. ಸೊನ್ನ ತುಂಬದು ತಾನೇ" ಅಂದೆ.

ಈ ಮಾತನ್ನು ನಾನು ಆಡಿದ್ದು ನಿಜ. ಅವಳು ಕೈಗೆ ಬಟ್ಟೆ ಸುತ್ತಿಕೊಂಡು ಗುದ್ದಲಿ ಎತ್ತಿಕೊಂಡು ಮುಂದೆ ನಡೆದಳು. ಆ ದಿನ ಗೊಬ್ಬರ ತುಂಬುವ ಕೆಲಸ. ಒಡೆದ ಕೈಯಲ್ಲೇ ಬುಟ್ಟಿಗೆ ತುಂಬಿ ಹೊತ್ತಳು.

ಆರನೇ ದಿನ ಬಲಗೈ ಊದಿ ಬೆರಳುಗಳು ಬಾಳೆಕಾಯಿ ಥರ ಆದವು. ಮೈ ಕಾದ ಹೆಂಚು. ಹೆಂಡತಿ ನನ್ನನ್ನು ಒಂದು ಮಾತೂ ಕೇಳದೆ ಆಟೋ ಕರೆಸಿ ಕೊಳ್ಳೇಗಾಲದ ಆಸ್ಪತ್ರೆಗೆ ಹೊರಟಳು. ನಾನು ಮುಂದಿನ ಸೀಟಿನಲ್ಲಿ ಡ್ರೈವರ್ ಪಕ್ಕ ಕೂತೆ. ಹಿಂದೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಡಾಕ್ಟರಮ್ಮ ಕೈ ತಿರುಗಿಸಿ ನೋಡಿದರು. "ಏನ್ ಕೆಲಸ ಮಾಡ್ತಿದ್ಲು?"

"ತೆಂಗಿನ ಪಾತಿ" ಅಂದೆ.

"ಓದ್ತಿಲ್ವಾ?"

"ಸಿಇಟಿ ಅದ ಮೇಡಮ್ಮೋರೇ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಿಇಟಿ ಇಟ್ಕೊಂಡು ಹುಡುಗಿ ಕೈಲಿ ಪಾತಿ ಮಾಡಿಸಿದ್ರಾ? ಊರಲ್ಲಿ ಆಳು ಸಿಗ್ಲಿಲ್ವಾ ನಿಮಗೆ?"

ಮಗಳ ಕೈಗೆ ಮಣ್ಣು ತಾಕಿಸದೆ ಬೆಳೆಸಿದವನು ಅಂತ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಆಸ್ಪತ್ರೆಯ ಗೋಡೆಗೆ ಒರಗಿ ನಿಂತೆ. ಕೈ ನೋಡ್ತಾರಂತೆ, ಅದಕ್ಕೆ ಜಡ್ಡು ಕಟ್ಟಿಸ್ತಿದ್ದೆ ಅಂತ ಆ ಬಿಳಿ ಕೋಟಿನ ಮುಂದೆ ಹೇಳುವುದಾದರೂ ಹೇಗೆ? ನನ್ನ ಕಿವಿಗೇ ಆ ಮಾತು ಮೊದಲ ಸಲ ಹುಚ್ಚು ಅಂತ ಕೇಳಿಸಿತು. ಒಳಗೆ ಕೈ ಕೊಯ್ದು ಕೀವು ತೆಗೆದರು. ಅವಳು ಕೂಗಿಕೊಳ್ಳಲಿಲ್ಲ. ಅವಳ ಅವ್ವ ಅತ್ತಳು.

ಹತ್ತು ದಿನಕ್ಕೂ ಮೇಲೆ ದಿನಾ ಬಸ್ಸಿನಲ್ಲಿ ಹೋಗಿ ಪಟ್ಟಿ ಬದಲಿಸಿಕೊಂಡು ಬರುವುದಾಯಿತು. ಪುಸ್ತಕದ ಹಾಳೆಯನ್ನು ಎಡಗೈಯಲ್ಲಿ ತಿರುಗಿಸುತ್ತಾ ಓದಿದಳು. ಲೆಕ್ಕ ಮಾತ್ರ ಬಾಯಲ್ಲಿ ಆಗುವಂಥದ್ದಲ್ಲ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಬಯಾಲಜಿ ಮೇಷ್ಟ್ರು ಸಿಕ್ಕರು. ಪಟ್ಟಿ ನೋಡಿ ಗಾಬರಿಯಾದರು.

"ಏನಾಯ್ತಮ್ಮ ಇದು?"

ಅವಳು ಬಾಯಿ ತೆರೆಯುವ ಮೊದಲೇ ನಾನು, "ಬಸ್ ಇಳಿಯುವಾಗ ಬಿದ್ಲು ಸಾ" ಅಂದೆ. ಅವಳು ತಲೆ ತಗ್ಗಿಸಿ ಚಪ್ಪಲಿಯನ್ನು ನೋಡುತ್ತಾ ನಿಂತಳು. ನಾನು ಅವಳಿಗೆ ಸುಳ್ಳು ಹೇಳಬೇಡ ಅಂತ ಹೊಡೆದು ಬೆಳೆಸಿದ್ದೆ.

ಮೇಷ್ಟ್ರು, "ಡಾಕ್ಟರ ಚೀಟಿ ಕೊಡಿ, ಬರೆಯೋಕೆ ಬೇರೆಯವರನ್ನ ಕೊಡ್ತಾರಾ ಅಂತ ವಿಚಾರಿಸ್ತೀನಿ" ಅಂದರು.

"ಬೇಡ ಸಾರ್. ನಾನೇ ಬರೀತೀನಿ" ಅಂದಳು ಮಗಳು. ಆ ಕ್ಷಣ ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಎಲ್ಲರ ಎದುರು ಅವಳ ತಲೆ ಸವರಿದೆ. ನನ್ನ ಸೊಕ್ಕೇ ಅವಳ ಬಾಯಿಂದ ಬಂದದ್ದು ಅಂತ ತಿಳಿಯುವುದಕ್ಕೆ ಬಹಳ ದಿನ ಬೇಕಾಯಿತು.

ಪರೀಕ್ಷೆ ಕೊಳ್ಳೇಗಾಲದಲ್ಲೇ, ಎರಡು ದಿನ. ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ನಮ್ಮಂಥವರ ಗುಂಪು. ಅವಳ ಕೈಯ ಗಾಯ ಮೇಲೆ ಮುಚ್ಚಿತ್ತು, ಆದರೆ ನಡುಬೆರಳು ಮಡಿಯುತ್ತಿರಲಿಲ್ಲ. ಪೆನ್ನನ್ನು ಹೆಬ್ಬೆಟ್ಟಿಗೂ ತೋರುಬೆರಳಿಗೂ ನಡುವೆ ಸಿಕ್ಕಿಸಿಕೊಂಡು, ಮುಂಗೈಯನ್ನೇ ತಿರುಗಿಸಿ ತುಂಬಬೇಕು. ಮೊದಲ ಪರೀಕ್ಷೆ ಬಿಟ್ಟಾಗ ಎಲ್ಲ ಮಕ್ಕಳೂ ಗಲಗಲ ಅಂತ ಬಂದರು. ಇವಳು ಕಡೆಗೆ, ಗೋಡೆಯ ಪಕ್ಕದಲ್ಲೇ ನಡೆದುಕೊಂಡು ಬಂದಳು.

"ಎಂಗಾಯ್ತು ಕೂಸೇ? ಉತ್ತರ ಎಷ್ಟು ಗೊತ್ತಿತ್ತು?"

"ಎಲ್ಲ ಗೊತ್ತಿತ್ತು. ತುಂಬಕ ಆಗ್ನಿಲ್ಲ."

ಎರಡು ದಿನವೂ ಅಷ್ಟೇ ಮಾತು. ಪ್ರಶ್ನೆಪತ್ರಿಕೆಗಳು ಮನೆಯಲ್ಲೇ ಇವೆ. ಅವಳು ಪ್ರಶ್ನೆ ಓದುತ್ತಲೇ ಸರಿಯಾದ ಉತ್ತರದ ಪಕ್ಕ ಸಣ್ಣದೊಂದು ಗೀಟು ಎಳೆದುಕೊಂಡಿದ್ದಳು. ಕಡೆಯ ಪುಟದವರೆಗೂ ಗೀಟು ಇದೆ. ಉತ್ತರದ ಹಾಳೆಯಲ್ಲಿ ಮಾತ್ರ ಕಡೆಯ ಸಾಲುಗಳು ಖಾಲಿ. ಸರಿ ಉತ್ತರ ಪ್ರಕಟವಾದ ದಿನ ಅವಳು ಗೀಟುಗಳನ್ನು ಒಂದೊಂದಾಗಿ ನೋಡಿಕೊಂಡಳು. ನನಗೆ ಏನೂ ಹೇಳಲಿಲ್ಲ. ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಟ್ರಂಕಿಗೆ ಹಾಕಿದಳು.

ಆದರೂ ಪ್ರಾಕ್ಟಿಕಲ್ಲಿಗೆ ಹೋಗಲೇಬೇಕು ಅಂತ ಹಟ ಹಿಡಿದಳು. ಈ ಸಲ ನಾನು ಮಧ್ಯೆ ಬಾಯಿ ಹಾಕಲಿಲ್ಲ. ಕಲಿಸಿದ್ದು ಅವಳ ಅವ್ವ. ಅಡಿಗೆಮನೆಯ ನೆಲದ ಮೇಲೆ ಲೋಟದ ಮುಚ್ಚಳ, ತಟ್ಟೆ, ಚಿಪ್ಪು ಏನು ಸಿಕ್ಕಿತೋ ಅದರಲ್ಲೆಲ್ಲ ಒಂದೊಂದು ಹಿಡಿ ಕಾಳು ಹಾಕಿಟ್ಟು, "ಕಣ್ಮುಚ್ಚಿ ಮುಟ್ಟಿ ಹೇಳು" ಅನ್ನುತ್ತಿದ್ದಳು. "ಇದು ಉಚ್ಚೆಳ್ಳು. ಎಳ್ಳು ಅಂದೀಯ ಮತ್ತ. ನಿಮ್ಮಪ್ಪ ನಿನ್ನ ಗಾಜಿನ ಬೀರುಲಿಟ್ಟಿದ್ನಲ್ಲ, ಅದ್ಕೇ ಈ ಗತಿ." ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಇಷ್ಟು ವರ್ಷದಿಂದ ಆ ಹೆಂಗಸು ಹೇಳುತ್ತಿದ್ದದ್ದೂ ಅದನ್ನೇ.

ಪ್ರಾಕ್ಟಿಕಲ್ ದೂರದ ಊರಿನಲ್ಲಿ. ಬೆಳಗಿನ ಮೊದಲ ಬಸ್ಸಿಗೆ ಹೊರಟು ಹೋದೆವು. ಅವಳು ಒಳಗೆ ಹೋಗಿ ಬರುವವರೆಗೆ ನಾನು ಕೂತಿರಲಾಗದೆ ಕಾಂಪೌಂಡಿನ ಉದ್ದಕ್ಕೂ ನಡೆದೆ. ಕೈ ನೋಡಲಿ ದೇವರೇ ಅಂತ ಬೇಡಿಕೊಂಡೆ. ಇಷ್ಟಾದ ಮೇಲೆ ನೋಡದಿದ್ದರೆ ಹೇಗೆ? ನೋಡಿದರೆ ಒಂದು ಅರ್ಥವಾದರೂ ಇರುತ್ತಿತ್ತು.

ಅವಳು ಹೊರಗೆ ಬಂದಳು. ಮುಖ ಸ್ವಲ್ಪ ಹಗುರವಾಗಿತ್ತು.

"ಮೇಜಿನ ಮೇಲೆ ಸಾಲಾಗಿ ತಟ್ಟೆ ಇಟ್ಟಿದ್ರು. ನಂಬರ್ ಹಾಕಿದ್ರು. ನೋಡಿ ಹೆಸರು ಬರೀಬೇಕು, ಅಷ್ಟೇ. ಅವ್ವ ಹೇಳ್ಕೊಟ್ಟಿದ್ದೇ ಜಾಸ್ತಿ ಬಂತು."

"ಕೈ ನೋಡ್ನಿಲ್ವ?"

"ಇಲ್ಲ."

"ಮುಟ್ಟಿ ಗಿಟ್ಟಿ…"

"ಯಾರೂ ನೋಡ್ನಿಲ್ಲ ಕಣಪ್ಪ. ಯಾರ್ ಕೈನೂ ನೋಡ್ನಿಲ್ಲ. ನಾನೇ ಗಾಯ ಕಾಣುತ್ತೆ ಅಂತ ದುಪ್ಪಟ್ಟಾ ಒಳಗಿಟ್ಕಂಡಿದ್ದೆ."

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದಳು. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ನಡುಬೆರಳು ನಿದ್ದೆಯಲ್ಲೂ ನೆಟ್ಟಗೆ ನಿಂತಿತ್ತು.

ರ‍್ಯಾಂಕು ಬಂತು. ಪ್ರಾಕ್ಟಿಕಲ್ಲಿನಲ್ಲಿ ಚೆನ್ನಾಗಿಯೇ ಬಂದಿತ್ತು, ಸಿಇಟಿಯದು ಕೆಳಕ್ಕೆ ಎಳೆದಿತ್ತು. ಸೀಟಿನ ಪಟ್ಟಿ ಮೂರು ಸುತ್ತು ಬಂದು ಮುಗಿಯಿತು. ಯಾವುದರಲ್ಲೂ ಅವಳಿರಲಿಲ್ಲ. "ಇನ್ನೊಂದು ವರ್ಷ ಕೂತು ಬರಿ" ಅಂತ ನಾನು ಅಂದಾಗ ಅವಳು, "ಬರಿ ಅಂತ ನೀನು ಹೇಳ್ಬ್ಯಾಡ" ಅಂದಳು. ಜೋರು ಮಾಡಲಿಲ್ಲ. ನೀರು ಕೊಡು ಅನ್ನುವಷ್ಟು ಮೆಲ್ಲಗೆ ಅಂದಳು. ಕೊಳ್ಳೇಗಾಲದಲ್ಲೇ ಡಿಗ್ರಿಗೆ ಸೇರಿದಳು. ಫಾರಂ ತುಂಬುವಾಗ ನಾನು ಪಕ್ಕದಲ್ಲಿದ್ದೆ. ಫಿಸಿಕ್ಸಿಗೂ ಮ್ಯಾಥ್ಸಿಗೂ ಗುರುತು ಹಾಕಿ, ಬಯಾಲಜಿಯ ವಿಷಯಗಳ ಮೇಲೆ ಕಣ್ಣೂ ಹಾಯಿಸದೆ ಹಾಳೆ ಮಗುಚಿ ಸಹಿಗೆ ನನ್ನ ಕಡೆ ತಳ್ಳಿದಳು. ನಾನು ಸಹಿ ಹಾಕಿದೆ. ಈಗ ಅವಳು ಮಾತಾಡುತ್ತಾಳೆ, ಊಟಕ್ಕೆ ಬಡಿಸುತ್ತಾಳೆ, ಫೋನಿನಲ್ಲಿ ಅರಿಶಿನದ ರೇಟು ನೋಡಿ ಹೇಳುತ್ತಾಳೆ. ಏನನ್ನೂ ಕೇಳುವುದಿಲ್ಲ ಮಾತ್ರ. ಯಾವುದಕ್ಕೂ 'ಏನು ಮಾಡನ ಅಪ್ಪ' ಅನ್ನುವುದಿಲ್ಲ.

ಈ ವರ್ಷ ನಮ್ಮ ತೋಟದ ಪಕ್ಕದ ತೋಟದವನ ಮಗಳು ಎರಡನೇ ಪಿಯುಸಿ ಬರೆದಿದ್ದಾಳೆ. ಅವನು ನನಗಿಂತ ಚಿಕ್ಕವನು, ಅಣ್ಣ ಅಂತಾನೆ. ಮೊನ್ನೆ ನೀರು ಕಟ್ಟಲು ಹೋದಾಗ ಬೇಲಿಯಾಚೆ ಆ ಹುಡುಗಿ ಗುದ್ದಲಿ ಹಿಡಿದು ತೆಂಗಿನ ಪಾತಿ ಮಾಡುತ್ತಿದ್ದಳು. ನನ್ನ ಕಾಲು ಅಲ್ಲೇ ನಿಂತಿತು.

"ಯಾಕ್ಲಾ, ಕೂಸ್ನ ಯಾಕ ತೋಟಕ್ಕ ಇಳ್ಸಿದ್ದೀಯ?"

"ಅಗ್ರಿಗ ಹಾಕ್ಸಿದ್ದೀನಿ ಅಣ್ಣ. ಕೈ ನೋಡ್ತಾರಲ್ಲ."

"ಯಾರೂ ನೋಡಲ್ಲ ಕಣ್ಲಾ. ಸುಳ್ಳು ಅದು."

ಅವನು ನಕ್ಕ. "ನೀನೇ ಅಲ್ವ ಟೀ ಅಂಗ್ಡೀಲಿ ಕುಂತ್ಕಂಡು ಹೇಳಿದ್ದು? ನಿಮ್ಮಕ್ಳು ಮೊಬೈಲ್ ಒತ್ತೋ ಕೈ, ನನ್ ಮಗಳದು ರೈತನ ಕೈ ಅಂತ?"

ಹೌದು. ಆ ವರ್ಷ ಹೇಳಿದ್ದೆ. ಒಂದು ಸಲವಲ್ಲ.

"ಹೇಳಿದ್ದೆ. ಗೊತ್ತಿಲ್ದೆ ಹೇಳಿದ್ದು. ನನ್ ಮಗಳು ಒಳ್ಗ ಓಗಿ ಬಂದವಳು, ಅವಳ್ನೇ ಕೇಳು."

"ಬೇಜಾರ್ ಮಾಡ್ಕಬ್ಯಾಡ ಅಣ್ಣ" ಅಂದ ಅವನು. "ನಿಮ್ ಕೂಸ್ಗ ಸೀಟ್ ಸಿಗ್ನಿಲ್ಲ. ಸಿಕ್ಕಿದ್ರ ಕೇಳಬೋದಿತ್ತು."

ಬಿಟ್ಟು ಬರಬಹುದಿತ್ತು. ಬಸ್ಸಿನಿಂದ ಬಿದ್ದಳು ಅಂತ ಊರಲ್ಲೂ ಹೇಳಿದ್ದೆ, ಅದೇ ಮಾತು ನಡೆಯುತ್ತಿತ್ತು, ನಡೆದುಕೊಂಡು ಹೋಗುತ್ತಿತ್ತು. ಬೇಲಿ ಹಿಡಿದುಕೊಂಡು ನಿಂತು ಹೇಳಿದೆ. ಗುದ್ದಲಿ ಕೊಟ್ಟದ್ದು ನಾನು, ಬೊಬ್ಬೆ ಒಡೆದ ಮೇಲೂ ಇಳಿಸಿದ್ದು ನಾನು, ಕೈ ಕೊಯ್ಯಿಸಿದ್ದು ನಾನು, ಬಸ್ಸಿನ ಮಾತು ಸುಳ್ಳು ಅಂತ ಎಲ್ಲವನ್ನೂ. ಹುಡುಗಿ ಗುದ್ದಲಿಯನ್ನು ನೆಲಕ್ಕೂರಿ ಕೇಳುತ್ತಾ ನಿಂತಿದ್ದಳು.

ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, "ನಿಮ್ ಕೂಸ್ನ ಮೊದಲಿಂದ್ಲೂ ಮೆತ್ತಗ ಬೆಳ್ಸಿದ್ರಿ ಅಣ್ಣ. ಅದ್ಕ ಅಂಗಾಯ್ತು" ಅಂದ. ಮಗಳ ಕಡೆ ತಿರುಗಿ, "ಯಾಕ ನಿಂತ್ಕಂಡೆ? ಇನ್ನೆರಡು ಪಾತಿ ಅದ" ಅಂದ.

ಅವಳು ನನ್ನನ್ನೊಮ್ಮೆ ನೋಡಿ ಗುದ್ದಲಿ ಎತ್ತಿಕೊಂಡಳು. ಹೊಸಬರು ಹಿಡಿಯುವ ಹಾಗೆ ಕಾವನ್ನು ಬಿಗಿಯಾಗಿ, ಬೆರಳ ಬುಡಕ್ಕೆ ಒತ್ತಿ ಹಿಡಿದಿದ್ದಳು. ಬೊಬ್ಬೆ ಮೊದಲು ಏಳುವುದು ಅಲ್ಲೇ.